ಫ್ಲೋಟ್ ಲೆವೆಲ್ ಅಂದರೆ ಯಾವ ಲೆವೆಲ್?

"ಫ್ಲೋಟ್ ಲೆವೆಲ್ ಸ್ವಲ್ಪ ಜಾಸ್ತಿ ಮಾಡಿ, ಸರಿ ಹೋಗುತ್ತೆ." ಕಾರ್ಬುರೇಟರ್ (ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಹಳೇ ಕಾರು ಇಟ್ಟುಕೊಂಡವರಿಗೆ ಈ ಸಲಹೆ ಆಗಾಗ ಸಿಗುತ್ತದೆ. ಏನನ್ನು ಜಾಸ್ತಿ ಮಾಡಬೇಕು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಕಾರ್ಬುರೇಟರಿನ ಪುಟ್ಟ ತೊಟ್ಟಿಯಾದ ಬೌಲ್‌ನೊಳಗಿನ ಪೆಟ್ರೋಲನ್ನೋ, ಅದರಲ್ಲಿ ತೇಲುವ ಫ್ಲೋಟಿಗೂ ಬೌಲ್‌ನ ಮುಚ್ಚಳಕ್ಕೂ ನಡುವಿನ ಅಳತೆಯನ್ನೋ? ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಕೆಲವರಂತೂ ಗಾಳಿ-ಪೆಟ್ರೋಲಿನ ಪ್ರಮಾಣ ಹೊಂದಿಸುವ ಮಿಕ್ಸ್‌ಚರ್ ಸ್ಕ್ರೂ ತಿರುಗಿಸುವುದಕ್ಕೂ ಇದೇ ಹೆಸರು ಕೊಟ್ಟುಬಿಡುತ್ತಾರೆ. ಮೂರು ಬೇರೆ ಬೇರೆ ಕೆಲಸಕ್ಕೆ ಒಂದೇ ಮಾತು ಬಳಸಿದರೆ ಕೇಳಿದವನು ಏನು ಮಾಡಬೇಕು?

ಲೆವೆಲ್ ಇರುವುದು ಪೆಟ್ರೋಲಿಗೆ. ಎಂಜಿನ್ ಓಡುವಾಗ ಬೌಲ್‌ನಲ್ಲಿ ಪೆಟ್ರೋಲು ಎಷ್ಟು ಎತ್ತರಕ್ಕೆ ನಿಲ್ಲುತ್ತದೋ ಅದೇ ಈ ಮಾತಿನ ಅರ್ಥ. ಆ ಎತ್ತರ ಕಾಯುವ ಕೆಲಸ ಫ್ಲೋಟಿನದು. ಮನೆ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಇದ್ದಹಾಗೆ: ಪೆಟ್ರೋಲು ಏರಿದಂತೆ ಫ್ಲೋಟ್ ಏರುತ್ತದೆ, ಸೂಜಿಯಂಥ ನೀಡಲನ್ನು ಸೀಟಿಗೆ, ಅಂದರೆ ಪೆಟ್ರೋಲು ಒಳಬರುವ ತೂತಿನ ಬಾಯಿಗೆ, ಒತ್ತಿ ದಾರಿ ಮುಚ್ಚುತ್ತದೆ. 1893ರಲ್ಲಿ ವಿಲ್‌ಹೆಲ್ಮ್ ಮೇಬ್ಯಾಕ್ ಮಾಡಿದ, ಪೆಟ್ರೋಲನ್ನು ಚಿಮ್ಮಿಸುವ ಕಾರ್ಬುರೇಟರಿನಲ್ಲೇ ಫ್ಲೋಟ್ ಇತ್ತು. ನೂರಾರು ಮಾದರಿ ಬಂದುಹೋದರೂ ಈ ಭಾಗದ ಕೆಲಸ ಬದಲಾಗಲಿಲ್ಲ.

ಕೆಲವು ಮಿಲಿಮೀಟರಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಬೇಕು. ಪೆಟ್ರೋಲು ತಾನು ಚಿಮ್ಮುವ ಮುಖ್ಯ ನಾಝಲ್‌ನ (ಕೊಳವೆಯ) ಬಾಯಿಗಿಂತ ತುಸುವೇ ಕೆಳಗೆ ನಿಂತಿರಬೇಕು. ವೆಂಚುರಿಯ, ಅಂದರೆ ಗಾಳಿ ಹೋಗುವ ದಾರಿ ಕಿರಿದಾಗುವ ಜಾಗದ, ಇಕ್ಕಟ್ಟಿನಲ್ಲಿ ಗಾಳಿ ವೇಗವಾಗಿ ಹಾದಾಗ ಒತ್ತಡ ಇಳಿದು ಪೆಟ್ರೋಲು ಮೇಲೆ ಬರುತ್ತದೆ. ಎಷ್ಟು ಮೇಲಕ್ಕೆ ಎಳೆಯಬೇಕು ಅನ್ನುವುದನ್ನು ಲೆವೆಲ್ ತೀರ್ಮಾನಿಸುತ್ತದೆ. ಐಡ್ಲಿಂಗ್‌ಗೂ (ಕಾರು ನಿಂತಲ್ಲೇ ಎಂಜಿನ್ ಓಡುವುದಕ್ಕೂ) ಪೆಟ್ರೋಲು ಹೋಗುವುದು ಅದೇ ಬೌಲ್‌ನಿಂದ. ಹಾಗಾಗಿ ಲೆವೆಲ್ ತಪ್ಪಿದರೆ ಎಲ್ಲವೂ ಒಟ್ಟಿಗೆ ತಪ್ಪುತ್ತದೆ. ಸಾಮಾನ್ಯ ಕಾರ್ಬುರೇಟರಿನಲ್ಲಿ ಮಿಕ್ಸ್‌ಚರ್ ಸ್ಕ್ರೂ ಐಡ್ಲಿಂಗ್ ಒಂದನ್ನೇ ನೋಡಿಕೊಳ್ಳುತ್ತದೆ. ಲೆವೆಲ್ ಕೆಟ್ಟಿರುವಾಗ ಅದನ್ನು ಎಷ್ಟು ತಿರುಗಿಸಿದರೂ ಸುಮ್ನೆ.

ಈಗ ಆ ಉಲ್ಟಾ ಲೆಕ್ಕಕ್ಕೆ ಬರೋಣ. ನನ್ನ ತಕರಾರಿರುವುದೇ ಇಲ್ಲಿ.

ಫ್ಲೋಟ್ ಮುಚ್ಚಳಕ್ಕೆ ನೇತುಬಿದ್ದಿರುವ ಕಾರ್ಬುರೇಟರಿನಲ್ಲಿ ಮುಚ್ಚಳ ಬಿಚ್ಚಿ ತಲೆಕೆಳಗು ಹಿಡಿಯುತ್ತೇವೆ. ಫ್ಲೋಟ್ ತನ್ನ ಭಾರಕ್ಕೇ ನೀಡಲನ್ನು ಮುಚ್ಚಿಕೊಳ್ಳುತ್ತದೆ. ಆಗ ಮುಚ್ಚಳದ ಮುಖದಿಂದ ಫ್ಲೋಟಿನವರೆಗೆ ಅಳೆಯುತ್ತೇವೆ. ಕೈಪಿಡಿಯಲ್ಲಿರುವ ಅಂಕಿ ಇದೇ. ಇದು ಫ್ಲೋಟಿನ ಎತ್ತರ, ಪೆಟ್ರೋಲಿನ ಎತ್ತರ ಅಲ್ಲ. ಈ ಅಳತೆಯನ್ನು 7 ಮಿ.ಮೀ.ನಿಂದ 9ಕ್ಕೆ ಏರಿಸಿದಿರಿ ಅಂದುಕೊಳ್ಳಿ. ಮುಚ್ಚಳವನ್ನು ಮತ್ತೆ ನೆಟ್ಟಗೆ ಕೂರಿಸಿದಾಗ ಫ್ಲೋಟ್ ಮೊದಲಿಗಿಂತ 2 ಮಿ.ಮೀ. ಕೆಳಗಿರುವಾಗಲೇ ನೀಡಲ್ ಮುಚ್ಚುತ್ತದೆ. ಅಂದರೆ ಪೆಟ್ರೋಲು ಬೇಗ ನಿಲ್ಲುತ್ತದೆ, ಲೆವೆಲ್ ಇಳಿಯುತ್ತದೆ. ಪೆಟ್ರೋಲು ಜಾಸ್ತಿ ಬೇಕೆಂದು ಅಂಕಿ ಜಾಸ್ತಿ ಮಾಡಿದವನ ಕಾರು ಏರಿನಲ್ಲಿ ಇನ್ನಷ್ಟು ಎಳೆಯದೆ ನಿಂತರೆ ಅದರಲ್ಲಿ ಆಶ್ಚರ್ಯ ಏನಿಲ್ಲ. ಮಾತಾಡುವಾಗ "ಪೆಟ್ರೋಲು ಏರಿಸಿ" ಅಥವಾ "ಅಳತೆ ಏರಿಸಿ" ಅಂತ ಬಿಡಿಸಿ ಹೇಳಿದರೆ ಈ ಗೊಂದಲವೇ ಇರುವುದಿಲ್ಲ, ಅಲ್ವಾ?

ಅಳೆಯುವ ರೀತಿಯೂ ಎಲ್ಲದಕ್ಕೂ ಒಂದೇ ಅಲ್ಲ. ಎಸ್‌ಯು (SU) ಕಂಪನಿಯ ಹಲವು ಕಾರ್ಬುರೇಟರ್‌ಗಳಲ್ಲಿ ಮುಚ್ಚಳ ತಲೆಕೆಳಗು ಮಾಡಿ, ಫ್ಲೋಟಿನ ಲಿವರಿನ ಕೆಳಗೆ 3.2 ಮಿ.ಮೀ. ದಪ್ಪದ ಕಡ್ಡಿ ತೂರಿಸಿ ನೋಡುತ್ತಾರೆ. ಅಷ್ಟೇ ದಪ್ಪದ ಡ್ರಿಲ್ ಬಿಟ್‌ನ ನುಣುಪಾದ ಹಿಂಬದಿ ಸಾಕು. ವೆಬರ್ ಕಂಪನಿಯ ಡಿಸಿಒಇ (DCOE) ಮಾದರಿ ಆದರೆ ಮುಚ್ಚಳವನ್ನು ನೆಟ್ಟಗೆ ಗೋಡೆಯಂತೆ ಹಿಡಿಯಬೇಕು. ಅದರ ನೀಡಲಿನ ತುದಿಯಲ್ಲಿ ಸ್ಪ್ರಿಂಗ್ ಇರುವ ಪುಟ್ಟ ಗುಂಡು ಇದೆ. ತಲೆಕೆಳಗು ಮಾಡಿದರೆ ಫ್ಲೋಟಿನ ಭಾರಕ್ಕೆ ಆ ಗುಂಡು ಒಳಗೆ ಹೋಗಿ ಅಳತೆ ಸುಳ್ಳಾಗುತ್ತದೆ. ಮುಚ್ಚಳಕ್ಕೂ ಬೌಲ್‌ಗೂ ನಡುವಿನ ಪ್ಯಾಕಿಂಗ್ ಇಟ್ಟು ಅಳೆಯಬೇಕಾ, ತೆಗೆದು ಅಳೆಯಬೇಕಾ ಅನ್ನುವುದನ್ನು ಕೈಪಿಡಿ ಹೇಳುತ್ತದೆ. ಓದದೆ ಅಳೆದರೆ ಪ್ಯಾಕಿಂಗಿನ ದಪ್ಪದಷ್ಟು ತಪ್ಪು ಅಲ್ಲೇ ಸೇರಿಕೊಂಡಿತು.

ಬಗ್ಗಿಸಬೇಕಾದದ್ದು ನೀಡಲನ್ನು ಒತ್ತುವ ಚಿಕ್ಕ ತಗಡಿನ ನಾಲಿಗೆಯನ್ನು. ಅದನ್ನು ನೀಡಲಿನ ಕಡೆಗೆ ಬಗ್ಗಿಸಿದರೆ ಪೆಟ್ರೋಲಿನ ಲೆವೆಲ್ ಇಳಿಯುತ್ತದೆ, ಆಚೆಗೆ ಬಗ್ಗಿಸಿದರೆ ಏರುತ್ತದೆ. ನಾಲಿಗೆ, ಫ್ಲೋಟ್ ತಿರುಗುವ ಪಿನ್ನಿನ ಹತ್ತಿರ ಇದೆ, ಫ್ಲೋಟ್ ದೂರ ಇದೆ. ಅದಕ್ಕೇ ನಾಲಿಗೆ ಕೂದಲೆಳೆಯಷ್ಟು ಸರಿದರೂ ಫ್ಲೋಟ್ ಕಣ್ಣಿಗೆ ಕಾಣುವಷ್ಟು ಸರಿಯುತ್ತದೆ. ಫ್ಲೋಟನ್ನು ಹೆಬ್ಬೆರಳಲ್ಲಿ ಒತ್ತಿ ನಾಲಿಗೆ ಬಗ್ಗಿಸುವವರನ್ನು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ. ಹಾಗೆ ಒತ್ತಿದಾಗ ನೀಡಲಿಗೆ ಮೆತ್ತನೆಯ ರಬ್ಬರ್ ತುದಿ ಇದ್ದರೆ ಅದು ಸೀಟಿಗೆ ಒತ್ತಿ ಗೆರೆ ಬೀಳುತ್ತದೆ, ಆಮೇಲೆ ಪೆಟ್ರೋಲು ಸೋರುತ್ತದೆ. ಪಿನ್ ತೆಗೆದು ಫ್ಲೋಟನ್ನು ಕೈಯಲ್ಲಿ ಹಿಡಿದು ಬಗ್ಗಿಸಿ, ಮತ್ತೆ ಕೂರಿಸಿ ಅಳೆಯಿರಿ. ಸೋಲೆಕ್ಸ್ ಕಂಪನಿಯ ಅನೇಕ ಕಾರ್ಬುರೇಟರ್‌ಗಳಲ್ಲಿ ಬಗ್ಗಿಸುವ ಕೆಲಸವೇ ಇಲ್ಲ. ನೀಡಲ್ ವಾಲ್ವಿನ ಕೆಳಗಿನ ವಾಷರ್ ಬದಲಿಸಬೇಕು. ದಪ್ಪ ವಾಷರ್ ಹಾಕಿದರೆ ಲೆವೆಲ್ ಇಳಿಯುತ್ತದೆ.

ಫ್ಲೋಟ್ ಡ್ರಾಪ್ ಬೇರೆ. ನೀಡಲ್ ಪೂರ್ತಿ ತೆರೆದಾಗ ಫ್ಲೋಟ್ ಎಷ್ಟು ಕೆಳಗೆ ಇಳಿಯಬಹುದು ಅನ್ನುವುದು ಅದು. ಅದನ್ನು ತಡೆಯಲು ಬೇರೊಂದು ನಾಲಿಗೆ ಇರುತ್ತದೆ.

ಕಪ್ಪು ಹೊಗೆ, ಪೆಟ್ರೋಲು ವಾಸನೆ, ಬಿಸಿ ಎಂಜಿನ್ ಸ್ಟಾರ್ಟ್ ಆಗಲು ತಕರಾರು: ಲೆವೆಲ್ ಜಾಸ್ತಿ ಇದ್ದಾಗ ಹೀಗಾಗಬಹುದು. ಜಾಸ್ತಿ ಲೋಡಿನಲ್ಲಿ ಎಳೆಯದಿರುವುದು, ಕಾರ್ಬುರೇಟರಿನಲ್ಲೇ ಪಟ್ ಪಟ್ ಸದ್ದು: ಕಮ್ಮಿ ಇದ್ದಾಗ. ಆದರೆ ಓವರ್‌ಫ್ಲೋ ಕಂಡ ತಕ್ಷಣ ನಾಲಿಗೆಗೆ ಕೈ ಹಾಕಬೇಡಿ. ನಿನ್ನೆವರೆಗೆ ಸರಿ ಇದ್ದ ನಾಲಿಗೆ ರಾತ್ರೋರಾತ್ರಿ ತಾನಾಗಿ ಬಗ್ಗುವುದಿಲ್ಲ. ಸೀಟಿನಲ್ಲಿ ಕಸ ಸಿಕ್ಕಿರಬಹುದು, ನೀಡಲ್ ಸವೆದಿರಬಹುದು, ಪಂಪಿನ ಒತ್ತಡ ಹೆಚ್ಚಿರಬಹುದು. ಹಿತ್ತಾಳೆ ಫ್ಲೋಟ್ ತೂತಾಗಿದ್ದರೆ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲು ಕುಲುಕುವುದು ಕೇಳುತ್ತದೆ.

ಮನೆಯಲ್ಲಿ ಮಾಡುವುದಾದರೆ ಎಂಜಿನ್ ತಣ್ಣಗಿರಲಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಲಿ, ಜಾಗ ಬಯಲಾಗಿರಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿ ದೂರದ ಕಿಡಿಗೂ ಹತ್ತಿಕೊಳ್ಳುತ್ತದೆ.

ಮುಚ್ಚಳ ಹಾಕಿದ ಮೇಲೆ ಪೆಟ್ರೋಲಿನ ನಿಜವಾದ ಎತ್ತರ ನೋಡಲು ಸಾಧ್ಯವಿದ್ದರೆ ನೋಡಿಬಿಡಿ. ಕೆಲವು ಜಪಾನಿ ಕಾರ್ಬುರೇಟರ್‌ಗಳ ಬೌಲ್‌ಗೆ ಗುರುತಿರುವ ಗಾಜಿನ ಕಿಟಕಿಯೇ ಇರುತ್ತದೆ. ಫ್ಲೋಟನ್ನು ಹೊರಗಿನಿಂದಲೇ ಹೊಂದಿಸುವ, ಹಾಲಿ (Holley) ಕಂಪನಿಯ ಕಾರ್ಬುರೇಟರ್‌ಗಳಲ್ಲಿ ಬೌಲ್‌ನ ಪಕ್ಕದ ಪ್ಲಗ್ ಬಿಚ್ಚಿ, ಕಾರು ಸಮತಟ್ಟಾಗಿ ನಿಂತು ಐಡ್ಲಿಂಗ್‌ನಲ್ಲಿರುವಾಗ ನೋಡಬೇಕು. ಪೆಟ್ರೋಲು ತೂತಿನ ಕೆಳ ಅಂಚಿಗೆ ಸರಿಯಾಗಿ ಮುಟ್ಟಿರಬೇಕು. ಹೊರಗೆ ಹರಿದರೆ ಲೆವೆಲ್ ಜಾಸ್ತಿ. ಹಾಗೇನಾದರೂ ಹರಿದರೆ ಬಿಸಿ ಮ್ಯಾನಿಫೋಲ್ಡ್ ಮೇಲೆ ಬೀಳದಂತೆ ಪ್ಲಗ್ ಬಿಚ್ಚುವ ಮೊದಲೇ ಕೆಳಗೆ ಬಟ್ಟೆ ಹಿಡಿದಿರಿ.