ಸೊರಗಿದ ಇಗುವಾನಾ: ಮೊದಲು ಶಾಖ, ಆಮೇಲೆ ನೀರು, ಕೊನೆಗೆ ಸೊಪ್ಪು

ಗೇಣುದ್ದದ ಮರಿಯಾಗಿ ಮನೆಗೆ ಬರುವ ಹಸಿರು ಇಗುವಾನಾ ಎಂಬ ದೊಡ್ಡ ಹಲ್ಲಿ ಬಲಿತಾಗ ಬಾಲ ಸೇರಿ 5 ಅಡಿ ಮುಟ್ಟುತ್ತದೆ. ಮುಂಬೈ ಬಳಿಯ ಡೊಂಬಿವಿಲಿಯ ಸಣ್ಣ ಫ್ಲಾಟಿನಲ್ಲಿ ಅದು ಮೀನಿನ ಗಾಜಿನ ತೊಟ್ಟಿಯಲ್ಲೇ ಉಳಿದಿರುತ್ತದೆ. ನೋಡಿಕೊಳ್ಳುತ್ತಿದ್ದ ಹುಡುಗ ಓದಲು ಊರು ಬಿಟ್ಟ ಮೇಲೆ ಸೊರಗಿ, ಮೂಳೆ ಮೆತ್ತಗಾಗಿ, ಬೇರೆಯವರ ಕೈಗೆ ಬರುತ್ತದೆ. ಆ ಕೈ ನಿಮ್ಮದಾದರೆ, ದಯವಿಟ್ಟು ಬಂದ ದಿನವೇ ತಿನ್ನಿಸಲು ಹೋಗಬೇಡಿ.

ಮೈ ತಣ್ಣಗಿರುವಾಗ ಇಗುವಾನಾ ತಿಂದದ್ದು ಅರಗುವುದಿಲ್ಲ, ಹೊಟ್ಟೆಯಲ್ಲೇ ಕೊಳೆಯುತ್ತದೆ. ಗೂಡಿನ ಒಂದು ತುದಿ 35 ಡಿಗ್ರಿ, ಇನ್ನೊಂದು 27-28 ಇರಲಿ. ರಾತ್ರಿ 24ಕ್ಕಿಂತ ಇಳಿಯಬಾರದು. ಮುಂಬೈಯಲ್ಲಿ ಇದು ಸುಲಭ, ಎಸಿ ಕೋಣೆಯೊಂದೇ ಶತ್ರು. ಪುಣೆಯ ಡಿಸೆಂಬರಿನಲ್ಲಿ ರಾತ್ರಿಯೂ ಸೆರಾಮಿಕ್ ಹೀಟರ್ (ಬೆಳಕಿಲ್ಲದೆ ಶಾಖ ಮಾತ್ರ ಕೊಡುವ ಸಾಧನ) ಬೇಕು. ಅದನ್ನು ಜಾಲರಿಯ ಆಚೆ ಕಟ್ಟಿ. ತಗುಲಿದರೆ ಚರ್ಮ ಸುಡುತ್ತದೆ. ಥರ್ಮಾಮೀಟರನ್ನು ಪ್ರಾಣಿಯ ಬೆನ್ನಿನ ಮಟ್ಟದಲ್ಲಿಡಿ.

ಮೈ ಬೆಚ್ಚಗಾದ ಮೇಲೆ ನೀರು. ಕಣ್ಣು ಒಳಗಿಳಿದಿದ್ದರೆ, ಬಾಯಿಯ ಜೊಲ್ಲು ಅಂಟಂಟಾಗಿ ಎಳೆ ಎಳೆಯಾಗಿದ್ದರೆ ದೇಹದಲ್ಲಿ ನೀರು ಬತ್ತಿದೆ ಎಂದೇ ಅರ್ಥ. 30 ಡಿಗ್ರಿಯ ನೀರಿನಲ್ಲಿ, ಭುಜದ ಮಟ್ಟದವರೆಗೆ ಮಾತ್ರ, ದಿನಕ್ಕೆ ಎರಡು ಸಲ 15-20 ನಿಮಿಷ ಕೂರಿಸಿ. ಬಿಟ್ಟು ಏಳಬೇಡಿ, ತಲೆ ಎತ್ತಲಾಗದಷ್ಟು ಸೋತ ಪ್ರಾಣಿ ಮುಳುಗುತ್ತದೆ. ತೀರಾ ಬಳಲಿದ್ದರೆ ವೈದ್ಯರು ಚರ್ಮದಡಿ ದ್ರವ ಕೊಡುತ್ತಾರೆ. ಬೆರಳು, ಬಾಲಗಳಿಗೆ ಉಂಗುರದಂತೆ ಬಿಗಿದ ಹಳೆಯ ಪೊರೆ ಈ ಸ್ನಾನದಲ್ಲೇ ಸಡಿಲವಾಗುತ್ತದೆ, ಕೀಳಬೇಡಿ. ಬೆರಳು ಕಪ್ಪಾಗಿದ್ದರೆ ಅದು ವೈದ್ಯರ ಕೆಲಸ.

ಸೊಪ್ಪು ಆಮೇಲೆ, ಮೊದಲ ವಾರ ಅರ್ಧ ಪ್ರಮಾಣ ಮಾತ್ರ. ಬಹುಕಾಲ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಆಹಾರ ತುಂಬಿದರೆ ರಕ್ತದ ರಂಜಕ (ಫಾಸ್ಫರಸ್), ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ಅಪಾಯ. ನುಗ್ಗೆ ಸೊಪ್ಪು (ಮಾಟುಂಗಾ ಮಾರ್ಕೆಟ್ಟಿನಲ್ಲಿ ತಾಜಾ ಸಿಗುತ್ತದೆ), ಮೆಂತ್ಯ ಸೊಪ್ಪು, ದಾಸವಾಳದ ಎಲೆ, ತುರಿದ ಸಿಹಿಗುಂಬಳ ಒಳ್ಳೆಯವು. ಪಾಲಕ್ ದಿನವೂ ಬೇಡ. ಅದರ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಶಕ್ತಿ ಬರಲೆಂದು ಮೊಟ್ಟೆ, ನಾಯಿ ಬಿಸ್ಕತ್ತು ಕೊಡುವವರಿದ್ದಾರೆ. ಇದು ಸೊಪ್ಪು ತಿನ್ನುವ ಪ್ರಾಣಿ, ಅಂಥ ಪ್ರೋಟೀನು ಮೂತ್ರಪಿಂಡ ಕೆಡಿಸುತ್ತದೆ.

ಒತ್ತಿದರೆ ಬಾಗುವ ದವಡೆ, ಊದಿದ ತೊಡೆ, ಡೊಂಕು ಬೆನ್ನು: ಇವು ಕ್ಯಾಲ್ಸಿಯಂ ಕೊರತೆಯಿಂದ ಬಂದ ಮೂಳೆರೋಗದ ಗುರುತು. ಕೊರತೆ ಆಹಾರದ್ದಷ್ಟೇ ಅಲ್ಲ, ಬೆಳಕಿನದೂ ಹೌದು. ಕ್ಯಾಲ್ಸಿಯಂ ಹೀರಲು ವಿಟಮಿನ್ ಡಿ3 ಬೇಕು, ಡಿ3 ಆಗಲು ಚರ್ಮಕ್ಕೆ ಬಿಸಿಲಿನ ಯುವಿಬಿ (ಒಂದು ಬಗೆಯ ಅತಿನೇರಳೆ) ಕಿರಣ ಬೇಕು. ಕಿಟಕಿಯ ಗಾಜು ಅದನ್ನು ಒಳಗೆ ಬಿಡುವುದಿಲ್ಲ. ಬಾಲ್ಕನಿಯಲ್ಲಿ ಜಾಲರಿ ಪಂಜರವಿಟ್ಟು, ಅರ್ಧ ನೆರಳು ಮಾಡಿ, ಬೆಳಗಿನ ಬಿಸಿಲು ಕೊಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸೂರ್ಯನನ್ನು ನಂಬುವಂತಿಲ್ಲ. ಯುವಿಬಿ ಟ್ಯೂಬ್ ದಿನಕ್ಕೆ 12 ಗಂಟೆ ಉರಿಯಲಿ. ಬೆಳಕು ಚೆನ್ನಾಗಿ ಕಂಡರೂ ಕಿರಣ ಕುಂದಿರುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ಬದಲಿಸಿ. ಸೊಪ್ಪಿನ ಮೇಲೆ ರಂಜಕವಿಲ್ಲದ ಕ್ಯಾಲ್ಸಿಯಂ ಪುಡಿ ಚಿಟಿಕೆ ಸಾಕು. ಮೆಡಿಕಲ್ ಅಂಗಡಿಯ ಡಿ3 ಮಾತ್ರೆಯನ್ನು ನೀವಾಗಿಯೇ ಕೊಡಬೇಡಿ, ಹೆಚ್ಚಾದರೆ ರಕ್ತನಾಳಗಳಲ್ಲೇ ಸುಣ್ಣ ಕಟ್ಟುತ್ತದೆ.

ಬೆರಳುಗಳು ಅದುರಿದರೆ ಕಾಯಬೇಡಿ, ಅಂದೇ ಸರೀಸೃಪ ತಿಳಿದ ಪಶುವೈದ್ಯರಿಗೆ ತೋರಿಸಿ. ಎತ್ತುವಾಗ ಹೊಟ್ಟೆಯಡಿ ಕೈಯಿಡಿ, ಬಾಲ ಹಿಡಿದರೆ ಕಳಚುತ್ತದೆ. ಮೂಳೆ ಗಟ್ಟಿಯಾಗುವವರೆಗೆ ಎತ್ತರದ ಕೊಂಬೆ ತೆಗೆದಿಡಿ. ದವಡೆ ಕೆಲವು ತಿಂಗಳಲ್ಲಿ ಗಟ್ಟಿಯಾಗಬಹುದು. ಡೊಂಕಾದ ಬೆನ್ನು ನೆಟ್ಟಗಾಗುವುದಿಲ್ಲ.

ಸರೀಸೃಪಗಳಿಂದ ಹರಡುವ, ವಾಂತಿಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ನಿಜವಾದದ್ದು: ಸ್ನಾನದ ಟಬ್ಬು ಅಡುಗೆಮನೆಯ ಸಿಂಕಿಗೆ ಬರಕೂಡದು, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲೇಬೇಕು, 5 ವರ್ಷದೊಳಗಿನ ಮಕ್ಕಳು ಮುಟ್ಟದಿರಲಿ. ವಾರಕ್ಕೊಮ್ಮೆ ಇದಕ್ಕೆಂದೇ ಇಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಕ ಬರೆದಿಡಿ. ತಿನ್ನುತ್ತಿದ್ದರೂ ಎರಡು ವಾರ ಸತತ ಇಳಿದರೆ ಮಲಪರೀಕ್ಷೆ ಮಾಡಿಸಿ, ಹೊಟ್ಟೆಹುಳು ಇರಬಹುದು.