ಪಾಪಗೇನೊ ಪರಿಣಾಮ

ಮೊಟ್ಸಾರ್ಟ್‌ನ 'ದಿ ಮ್ಯಾಜಿಕ್ ಫ್ಲೂಟ್' ಸಂಗೀತ ನಾಟಕ 1791ರಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ಮೊದಲು ರಂಗಕ್ಕೆ ಬಂತು. ಅದರಲ್ಲಿ ಪಾಪಗೇನೊ ಅಂತ ಒಬ್ಬ ಹಕ್ಕಿ ಹಿಡಿಯುವವನಿದ್ದಾನೆ. ಇಷ್ಟಪಟ್ಟವಳು ಇನ್ನು ಸಿಗುವುದೇ ಇಲ್ಲ ಅನ್ನಿಸಿ ಸಾಯಲು ಹೊರಡುತ್ತಾನೆ. ಅಷ್ಟರಲ್ಲಿ ಮೂವರು ಹುಡುಗರು ಅವನನ್ನು ತಡೆದು, ನಿನ್ನ ಹತ್ತಿರ ಮಾಯದ ಗಂಟೆಗಳಿವೆಯಲ್ಲ, ಬಾರಿಸು ಎಂದು ನೆನಪಿಸುತ್ತಾರೆ. ಬಾರಿಸುತ್ತಾನೆ. ಅವಳು ಬರುತ್ತಾಳೆ.

ಸಾಯಬೇಕು ಅನ್ನಿಸಿಯೂ ಆ ಘಳಿಗೆ ದಾಟಿ ಬಂದವರ ಕಥೆ, ಅಂಥದ್ದೇ ಸಂಕಟದಲ್ಲಿರುವವರನ್ನು ಉಳಿಸಬಲ್ಲದು. ಇದೇ ಪಾಪಗೇನೊ ಪರಿಣಾಮ. 2010ರಲ್ಲಿ ವಿಯೆನ್ನಾದ ಸಂಶೋಧಕ ಥಾಮಸ್ ನೀಡರ್‌ಕ್ರೊಟೆಂಥಾಲರ್ ಮತ್ತು ಸಂಗಡಿಗರು ಈ ಹೆಸರಿಟ್ಟರು. ಅವರು ಆಸ್ಟ್ರಿಯಾದ ಪತ್ರಿಕಾ ವರದಿಗಳನ್ನು ಜಾಲಾಡಿದ್ದರು. ಒಂದೇ ಸಾವಿನ ಬಗ್ಗೆ ಪದೇ ಪದೇ ಬರೆದ ಮೇಲೆ ಆತ್ಮಹತ್ಯೆಗಳು ಹೆಚ್ಚಿದ್ದವು. ಕಷ್ಟವನ್ನು ನಿಭಾಯಿಸಿದವರ ಬಗ್ಗೆ ಬರೆದ ಮೇಲೆ ಕಡಿಮೆಯಾಗಿದ್ದವು. ವರದಿಯೊಂದೇ ಕಾರಣ ಅಂತ ಇದರಿಂದ ಹೇಳೋಕಾಗಲ್ಲ, ಆದರೆ ನಂಟು ಕಂಡಿತು.

ಇದಕ್ಕೂ ಹಿಂದಿನ ಅನುಭವ ಅದೇ ಊರಿನದು. 1980ರ ದಶಕದಲ್ಲಿ ವಿಯೆನ್ನಾ ಮೆಟ್ರೋದಲ್ಲಿ ಆತ್ಮಹತ್ಯೆಗಳು ಜಾಸ್ತಿಯಾಗಿದ್ದವು, ಪತ್ರಿಕೆಗಳಲ್ಲಿ ರೋಚಕ ಸುದ್ದಿಯೂ ಆಗುತ್ತಿದ್ದವು. 1987ರಲ್ಲಿ ತಜ್ಞರು ಪತ್ರಿಕೆಗಳಿಗೆ ಹೀಗೆ ಬರೆಯಬೇಡಿ ಎಂದು ಕೇಳಿಕೊಂಡರು. ಪತ್ರಿಕೆಗಳು ಆ ಮಾತು ಕೇಳಿದವು. ಅದೇ ವರ್ಷದ ಎರಡನೇ ಅರ್ಧದಲ್ಲಿ ಅಲ್ಲಿನ ಆತ್ಮಹತ್ಯೆಗಳು ಮುಕ್ಕಾಲು ಪಾಲಿಗಿಂತ ಜಾಸ್ತಿ ಇಳಿದವು.

ನಮ್ಮಲ್ಲೂ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಇಂಥ ಸೂಚನೆಗಳನ್ನು ಕೊಟ್ಟಿದೆ. ಆದರೂ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗ 'ಫೇಲಾಗಿದ್ದಕ್ಕೆ ವಿದ್ಯಾರ್ಥಿ ಆತ್ಮಹತ್ಯೆ' ಎಂಬ ತಲೆಬರಹ ಕಾಣುತ್ತದೆ, ವಾಟ್ಸಾಪ್‌ನಲ್ಲಿ ಫೋಟೊ ಸಮೇತ ಓಡಾಡುತ್ತದೆ. ಒಂದು ಸಾವಿನ ಹಿಂದೆ ಹತ್ತಾರು ಕಾರಣ ಇರುತ್ತವೆ. ಈ ತಲೆಬರಹ ಮಾತ್ರ ಫೇಲಾದ ಇನ್ನೊಬ್ಬ ಹುಡುಗನಿಗೆ ಇರೋದು ಅದೊಂದೇ ದಾರಿ ಅನ್ನುವಂತಿರುತ್ತದೆ. ಗಣಿತದಲ್ಲಿ ಹೋಗಿ, ಮನೆಗೆ ಬರಲು ಹೆದರಿ, ಕೊನೆಗೆ ಸೋದರಮಾವನ ಹತ್ತಿರ ಹೇಳಿಕೊಂಡು, ಪೂರಕ ಪರೀಕ್ಷೆ ಬರೆದವರು ಪ್ರತಿ ಊರಲ್ಲೂ ಇದ್ದಾರೆ. ಅವರ ಸುದ್ದಿ ಯಾರೂ ಫಾರ್ವರ್ಡ್ ಮಾಡಲ್ಲ ಅಲ್ವಾ?

ಈ ಗಂಟೆ ಬಾರಿಸು ಅನ್ನುವ ಕೆಲಸಕ್ಕೆ ಪತ್ರಕರ್ತರೇ ಬೇಕಿಲ್ಲ. ಆಶಾ ಕಾರ್ಯಕರ್ತೆ, ಹಾಸ್ಟೆಲ್ ವಾರ್ಡನ್, ಸ್ವಸಹಾಯ ಸಂಘದ ಗೆಳತಿ, ಯಾರಾದರೂ ಆಗಬಹುದು. 'ಸಾಯಬೇಕು ಅನ್ನಿಸ್ತಿದೆಯಾ?' ಎಂದು ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯ ಸುಳ್ಳು. ಕೇಳಿದ ಮೇಲೆ ಸುಮ್ನೆ ಉಪದೇಶ ಮಾಡದೆ ಕೇಳಿಸಿಕೊಳ್ಳಬೇಕು, ಒಬ್ಬರನ್ನೇ ಬಿಟ್ಟು ಬರಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.