ವಿಮಾನದ ಬಾಲಕ್ಕೊಂದು ಊರುಗೋಲು

ಸಾಕಿನಾಕಾದ ನಮ್ಮ ಚಾಳಿನಲ್ಲಿ ವಿಜಯಪುರ ಕಡೆಯ ಹುಡುಗನೊಬ್ಬ ಇದ್ದಾನೆ. ಮುಂಬೈ ವಿಮಾನ ನಿಲ್ದಾಣದಲ್ಲಿ ಲೋಡರ್. ಸಾಮಾನು ಇಳಿಸುವುದರಲ್ಲಿ ಏನಪ್ಪಾ ಅಂಥ ಲೆಕ್ಕ ಅಂತ ಒಮ್ಮೆ ಸುಮ್ನೆ ಕೇಳಿದೆ. "ಹಿಂದಿಂದು ಮೊದ್ಲ ಇಳಸ್ಬೇಕ್ರಿ ಅಣ್ಣಾ. ಮುಂದಿಂದು ತಗದ್ರ ಮೂಕಿ ಮ್ಯಾಲೇಳ್ತೈತಿ" ಅಂದ.

ಮೂಕಿ ಅಂದರೆ ಗಾಡಿಯ ಮುಂದಿನ ತುದಿ. ಎತ್ತಿನ ಗಾಡಿ ಕಂಡವರಿಗೆ ಇಷ್ಟು ಸಾಕು. ಹಿಂದೆ ಚೀಲ ಜಾಸ್ತಿ ಹೇರಿದರೆ ನೊಗ ಮೇಲೆದ್ದು ಎತ್ತಿನ ಕೊರಳು ಹಿಡಿಯುತ್ತದೆ. ವಿಮಾನಕ್ಕೆ ತಡೆಯಲು ಎತ್ತೂ ಇಲ್ಲ. ಮೂಗು ಆಕಾಶ ನೋಡುತ್ತದೆ, ಬಾಲ ನೆಲಕ್ಕೆ ಕೂರುತ್ತದೆ.

ಮೊದಲು ಈ ತಾಪತ್ರಯ ಇರಲೇ ಇಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ತಂದು ಇಲ್ಲೇ ಜುಹುವಿನಲ್ಲಿ ಇಳಿಸಿದರಲ್ಲ, ಆ ಪುಸ್ ಮಾತ್ ವಿಮಾನ ಬಾಲ ಊರಿಕೊಂಡೇ ನಿಲ್ಲುವಂಥದ್ದು. (ಆ ಟಪಾಲು ಮುಂದೆ ನಮ್ಮ ಬಳ್ಳಾರಿ ಮೇಲೆ ಮದರಾಸಿಗೆ ಹೋಯಿತು.) ಡಕೋಟಾ ಅನ್ನುವ ಹಳೆಯ ವಿಮಾನ ಕೂಡ ಹಾಗೇ. ಕೂತವನು ಮತ್ತೆ ಬೀಳುವುದೆಲ್ಲಿಗೆ? ಆಗಿನ ಭಯವೇ ಬೇರೆ. ಜೋರಾಗಿ ಬ್ರೇಕ್ ಒತ್ತಿದರೆ ವಿಮಾನ ಮುಗ್ಗರಿಸುತ್ತಿತ್ತು. ನೆಲದ ಮೇಲೆ ಓಡುವಾಗ ಪೈಲಟ್‌ಗೆ ಎದುರಿನ ದಾರಿ ಕಾಣುತ್ತಿರಲಿಲ್ಲ. ಪ್ರಯಾಣಿಕರು ಸೀಟಿಗೆ ಹೋಗಲು ಏರು ಹತ್ತಬೇಕಿತ್ತು.

ಎರಡನೇ ಮಹಾಯುದ್ಧದ ಹೊತ್ತಿಗೆ ಮೂಗಿನ ಕೆಳಗೆ ಗಾಲಿ ಇಡುವ ಪದ್ಧತಿ ಬಲವಾಯಿತು. ಆ ತೊಂದರೆಗಳೆಲ್ಲ ಹೋದವು. ಬದಲಿಗೆ ಹೊಸದೊಂದು ಬಂತು. ಈಗ ವಿಮಾನದ ಭಾರದ ನಡುಬಿಂದು ರೆಕ್ಕೆಯ ಕೆಳಗಿನ ದೊಡ್ಡ ಗಾಲಿಗಳಿಗಿಂತ ಮುಂದೆಯೇ ಇರಬೇಕು. ಹಾಗಂತ ತುಂಬಾ ಮುಂದೆ ಇರುವಂತಿಲ್ಲ. ಇದ್ದರೆ ಹಾರುವಾಗ ಬಾಲದ ಬಲ ಸಾಲದೆ ಮೂಗು ಮೇಲೇಳುವುದೇ ಇಲ್ಲ. ಅದಕ್ಕೇ ಮೂಗಿನ ಗಾಲಿ ಹೊರುವುದು ಒಟ್ಟು ಭಾರದಲ್ಲಿ ಸುಮಾರು ಹತ್ತನೇ ಒಂದು ಪಾಲು ಅಷ್ಟೇ. ಹಾರಾಟಕ್ಕೆ ಸರಿಹೋದ ಈ ಲೆಕ್ಕದ ಬಾಕಿಯನ್ನು ನೆಲದ ಮೇಲೆ ತೀರಿಸುವವರು ಲೋಡರ್‌ಗಳು ಅಂತ ನನಗನ್ನಿಸುತ್ತದೆ.

ಸೋವಿಯತ್ ಎಂಜಿನಿಯರುಗಳು ಇದಕ್ಕೆ ನೇರ ಉತ್ತರ ಕೊಟ್ಟರು. 1963ರಲ್ಲಿ ಮೊದಲು ಹಾರಿದ ಇಲ್ಯೂಶಿನ್-62ರ ನಾಲ್ಕೂ ಎಂಜಿನ್ ಬಾಲದ ಹತ್ತಿರ. ಖಾಲಿ ನಿಲ್ಲಿಸಿದರೆ ಹಿಂದಕ್ಕೆ ವಾಲುವುದು ಖಂಡಿತ. ಹಾಗಾಗಿ ಬಾಲದ ಕೆಳಗೆ ಮಡಚುವ ಇನ್ನೊಂದು ಕಾಲನ್ನೇ ಕೊಟ್ಟರು, ಅದಕ್ಕೆರಡು ಪುಟ್ಟ ಗಾಲಿ. ನೋಡಲು ಚೆಂದವಿಲ್ಲ, ಕೆಲಸಕ್ಕೆ ಮೋಸವಿಲ್ಲ.

ಬೇರೆಯವರು ಊರುಗೋಲು ಹಿಡಿದರು. ಎಟಿಆರ್ 72 ಅನ್ನುವ ಸಣ್ಣ ವಿಮಾನ ಹತ್ತಿದವರು ಅದನ್ನು ನೋಡಿರುತ್ತೀರಿ. ಅದರಲ್ಲಿ ಪ್ರಯಾಣಿಕರ ಬಾಗಿಲು ಹಿಂದೆ. ಮುಂದಿನ ಸೀಟು ಖಾಲಿ ಇರುವಾಗಲೇ ಹತ್ತಿಪ್ಪತ್ತು ಜನ ಬ್ಯಾಗು ಹಿಡಿದು ಬಾಲದಲ್ಲೇ ಗುಂಪುಗಟ್ಟುತ್ತಾರೆ. ಅದಕ್ಕೆ ಬಾಲದಡಿ ಒಂದು ಕೋಲು ನಿಲ್ಲಿಸಿರುತ್ತಾರೆ. ಕೋಟಿಗಟ್ಟಲೆ ಬೆಲೆಯ ಯಂತ್ರ, ಕೆಳಗೆ ಅಷ್ಟು ಸಪೂರ ಕೋಲು! ದೊಡ್ಡ ಕಾರ್ಗೋ ವಿಮಾನಗಳಿಗೆ ಗಟ್ಟಿ ಸ್ಟ್ಯಾಂಡ್ ಇಡುತ್ತಾರೆ, ಇಲ್ಲವೇ ಮೂಗಿನ ಕಾಲನ್ನು ಪಟ್ಟಿಯಿಂದ ನೆಲಕ್ಕೆ ಬಿಗಿಯುತ್ತಾರೆ. ಸ್ಟ್ಯಾಂಡಿಗೂ ಬಾಲಕ್ಕೂ ನಡುವೆ ಸ್ವಲ್ಪ ಸಂದು ಬೇಕು. ಇಂಧನ, ಸಾಮಾನು ತುಂಬಿದಂತೆ ವಿಮಾನ ಕೆಳಕ್ಕೆ ಕುಗ್ಗುತ್ತದೆ. ಸಂದು ಇಲ್ಲದಿದ್ದರೆ ಕಾಯಬೇಕಾದ ಸ್ಟ್ಯಾಂಡೇ ಹೊಟ್ಟೆಗೆ ತಿವಿಯುತ್ತದೆ.

ಹಳೆ ಕಾಲದ ಕಥೆ ಅಂದುಕೊಳ್ಳಬೇಡಿ. ವಿಮಾನಗಳನ್ನು ಎಳೆದು ಉದ್ದ ಮಾಡಿದಂತೆ ಇದು ಮತ್ತೆ ಬಂದಿದೆ. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೂಯಿಸ್ಟನ್‌ನಲ್ಲಿ ಯುನೈಟೆಡ್‌ನ ಬೋಯಿಂಗ್ 737-900 ಬಾಲದ ಮೇಲೆ ಕೂತಿತು. 2023ರ ಅಕ್ಟೋಬರ್ 22ರಂದು ನ್ಯೂಯಾರ್ಕಿನಲ್ಲಿ ಜೆಟ್‌ಬ್ಲೂನ ಏರ್‌ಬಸ್ ಎ321 ಕೂಡ, ಅದೂ ಜನ ಇಳಿಯುತ್ತಿರುವಾಗಲೇ. ಮುಂದಿನ ಸೀಟಿನವರು ಮೊದಲು ಇಳಿಯುತ್ತಾರೆ, ಹಿಂದಿನವರು ಕಾಯುತ್ತಾರೆ. ಎಲ್ಲ ವಿಮಾನದಲ್ಲೂ ನಡೆಯುವುದು ಇದೇ ಅಲ್ವಾ? ಮುಂದಿನ ಡಿಕ್ಕಿಯ ಸಾಮಾನೂ ಅದೇ ಹೊತ್ತಿಗೆ ಹೊರಬಂದರೆ ಮೂಗಿನಲ್ಲಿ ಉಳಿಯುವ ಭಾರ ಎಷ್ಟು?

ವಾಲುತ್ತಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ಅಂತ ನಮ್ಮ ಹುಡುಗನನ್ನು ಕೇಳಿದೆ. ಮೂಗಿನ ಕಾಲಿನಲ್ಲಿ ಕನ್ನಡಿಯಂತೆ ಹೊಳೆಯುವ ಒಂದು ದಂಡ ಇದೆಯಂತೆ. ಭಾರ ಇದ್ದರೆ ಒಳಗೆ ಕುಗ್ಗಿರುತ್ತದೆ, ಭಾರ ಹೋದಂತೆ ಹೊರಗೆ ಬರುತ್ತದೆ. ಚಹಾದ ಲೋಟ ಕೆಳಗಿಟ್ಟು ಎರಡು ಬೆರಳಲ್ಲಿ ಅಳತೆ ತೋರಿಸಿದ. "ಇಷ್ಟ ಇದ್ದದ್ದು ಇಷ್ಟ ಆತು ಅಂದ್ರ ಮುಂದಿನ ಸಾಮಾನ ಇಳಸೋ ಬೆಲ್ಟ್ ಬಂದ್ ಮಾಡಸ್ತೀವ್ರಿ. ಸಾಹೇಬ್ರು ಬೈದ್ರೂ ಬೈಲಿ."